ಬೊಂಡಾಸ್ ಗಾಳ: ಜಿಗ್ ಹಿಡಿದಲ್ಲಿಂದ ಬಲೆಗೆ ಬರುವವರೆಗೆ

ಗೋವಾದ ವಾಸ್ಕೋ, ಬೈನಾ, ಝುವಾರಿನಗರದ ಕಡೆ ನೆಲೆಸಿರುವ ನಮ್ಮ ಕನ್ನಡದ ಹುಡುಗರಲ್ಲಿ ಗಾಳದ ಹುಚ್ಚು ಹತ್ತಿದವರು ಸಾಕಷ್ಟು ಜನ ಇದ್ದಾರೆ. ಕಾರವಾರ, ಅಂಕೋಲೆಯಿಂದ ಬಂದವರಿಗೆ ಸಮುದ್ರ ಹೊಸದಲ್ಲ. ಹುಬ್ಬಳ್ಳಿ, ವಿಜಾಪುರದ ಕಡೆಯವರು ಇಲ್ಲಿಗೆ ಬಂದ ಮೇಲೆ ಕಲಿತದ್ದು. ಬಂಗುಡೆ, ಕೊಕ್ಕರ್, ಚಣಕಿಯಂಥ ಮೀನಿಗೆ ಗಾಳ ಹಾಕಿ ಪಳಗಿದವರೂ ಬೊಂಡಾಸ್ (ಸ್ಕ್ವಿಡ್) ಎಂದ ಕೂಡಲೇ ಒಂದೇ ದೂರು ಹೇಳುತ್ತಾರೆ: ಹತ್ತುತ್ತದೆ, ಆದರೆ ಕೈಗೆ ಬರುವುದಿಲ್ಲ. ಅರ್ಧ ದಾರಿಗೆ ಬಿಟ್ಟುಹೋಗುತ್ತದೆ, ಇಲ್ಲವೇ ಬಂಡೆಯ ಬುಡಕ್ಕೆ ಬಂದು ಎತ್ತುವಷ್ಟರಲ್ಲಿ ಜಾರುತ್ತದೆ.

ಕಾರಣ ಸರಳ. ಮೀನಿಗೆ ಬಾಯಿಯ ಎಲುಬಿದೆ, ಗಾಳಕ್ಕೆ ಹಿಮ್ಮುಳ್ಳಿದೆ. ಒಮ್ಮೆ ಚುಚ್ಚಿತೆಂದರೆ ದಾರ ಒಂದು ಕ್ಷಣ ಸಡಿಲಾದರೂ ಮೀನು ಉಳಿಯುತ್ತದೆ. ಬೊಂಡಾಸ್ ಹಿಡಿಯುವ ಜಿಗ್ಗಿಗೆ, ಅಂದರೆ ಸಿಗಡಿಯಾಕಾರದ ಹುಸಿ ಬೇಟೆಗೆ, ಹಿಮ್ಮುಳ್ಳೇ ಇಲ್ಲ. ಬಾಲದಲ್ಲಿ ಎರಡು ಸುತ್ತು ಸೂಜಿಗಳು ಕಿರೀಟದ ಹಾಗೆ ಮೇಲ್ಮುಖವಾಗಿ ಬಾಗಿರುತ್ತವೆ, ಅಷ್ಟೇ. ಆ ಸೂಜಿ ಚುಚ್ಚುವುದು ಬಾಯಿಗಲ್ಲ, ಬೊಂಡಾಸಿನ ಮೆತ್ತನೆಯ ಕೈಗಳಿಗೆ. ಹಾಗಾಗಿ ಬೊಂಡಾಸನ್ನು ಹಿಡಿದಿಡುವುದು ಸೂಜಿಯಲ್ಲ, ನೀವು ದಾರದಲ್ಲಿ ಕಾಯ್ದುಕೊಂಡ ಬಿಗಿ. ಬಿಗಿ ಹೋದರೆ ಸೂಜಿ ಕಳಚುತ್ತದೆ, ಬಿಗಿ ಹೆಚ್ಚಾದರೆ ಅದರ ಕೈ ಹರಿಯುತ್ತದೆ. ಮುಂದೆ ಹೇಳುವ ಎಲ್ಲವೂ ಈ ಎರಡರ ನಡುವೆ ಉಳಿಯುವುದು ಹೇಗೆ ಎಂಬುದರ ಬಗ್ಗೆಯೇ.

ಯಾವಾಗ, ಎಲ್ಲಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದಡದಿಂದ ಗಾಳ ಹಾಕುವವರಿಗೂ ಆ ದಿನಗಳಲ್ಲಿ ಕಡಲು ಹತ್ತಿರ ಸೇರಿಸುವುದಿಲ್ಲ. ಮಳೆ ನಿಂತ ಮೇಲೂ ಮಾಂಡವಿ, ಝುವಾರಿ ಹೊಳೆಗಳ ಕೆಂಪು ನೀರು ಅಳಿವೆಯಾಚೆಗೂ ಹರಡಿರುತ್ತದೆ. ಬೊಂಡಾಸ್ ಕಣ್ಣಿನಿಂದ ಬೇಟೆಯಾಡುವ ಪ್ರಾಣಿ, ಕಲಕು ನೀರು ಅದಕ್ಕೆ ಆಗಿಬರುವುದಿಲ್ಲ. ನೀರು ತಿಳಿಯಾಗುವ ನವೆಂಬರಿನಿಂದ ಮಾರ್ಚ್‌ವರೆಗೆ ದಡದಿಂದ ಪ್ರಯತ್ನಿಸಲು ಒಳ್ಳೆಯ ಕಾಲ.

ಜಾಗ ಹುಡುಕುವಾಗ ಮರಳಿನ ಬಯಲು ಬಿಡಿ. ಬಂಡೆ, ಕಡಲಪಾಚಿ ಇದ್ದು, ಪಕ್ಕದಲ್ಲೇ ನಾಲ್ಕೈದು ಮೀಟರ್ ಆಳ ಸಿಗುವ ಕಡೆ ನೋಡಿ. ಬೊಗ್ಮಾಲೋ ತುದಿಯ ಬಂಡೆಗಳು, ದೋನಾ ಪಾವ್ಲಾ ಸುತ್ತಿನ ಕಲ್ಲುದಂಡೆ, ದಕ್ಷಿಣಕ್ಕೆ ಹೋದರೆ ಬೇತುಲ್, ಕಾಬೊ ದಿ ರಾಮಾ, ಪಾಳೊಳೆ ಇಂಥ ಸ್ವಭಾವದ ಜಾಗಗಳು. ಬಂದರು ಮತ್ತು ನೌಕಾಪಡೆಯ ಬೇಲಿಯೊಳಗೆ ಮಾತ್ರ ಕಾಲಿಡಬೇಡಿ. ದಾಬೋಳಿ, ಮುರ್ಮಗೋವಾ ಸುತ್ತಮುತ್ತ ಇದನ್ನು ನೆನಪಿಟ್ಟುಕೊಂಡೇ ಹೊರಡಬೇಕು.

ಹೊತ್ತು ಎಂದರೆ ಸೂರ್ಯ ಮುಳುಗಿದ ನಂತರದ ಒಂದೆರಡು ಗಂಟೆ, ಮತ್ತು ಬೆಳಗಾಗುವ ಮುಂಚಿನ ಹೊತ್ತು. ಚಳಿಗಾಲದಲ್ಲಿ ಗೋವಾದಲ್ಲಿ ಮಧ್ಯಾಹ್ನದಿಂದ ಕಡಲಗಾಳಿ ಜೋರಾಗಿ ಬೀಸುತ್ತದೆ, ಕತ್ತಲಾದ ಮೇಲೆ ಇಳಿಯುತ್ತದೆ. ಗಾಳಿ ದಾರವನ್ನು ಬಿಲ್ಲಿನಂತೆ ಬಾಗಿಸಿದರೆ ಬಿಗಿ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಆದ್ದರಿಂದ ಹೊಸಬರು ಸಂಜೆ ಐದಕ್ಕೇ ಹೋಗಿ ಒದ್ದಾಡುವ ಬದಲು ಗಾಳಿ ಬಿದ್ದ ಮೇಲೆ ಶುರುಮಾಡುವುದು ಲೇಸು. ನೀರು ಏರುವಾಗಲೋ ಇಳಿಯುವಾಗಲೋ ಸ್ವಲ್ಪ ಚಲನೆ ಇರಬೇಕು. ಪೂರ್ತಿ ನಿಂತ ನೀರು ಬೇಡ. ಹುಣ್ಣಿಮೆ ಅಮಾವಾಸ್ಯೆಗೆ ಹೊಂದಿಕೊಂಡ ದೊಡ್ಡ ಭರತಿಯ ದಿನ ಸೆಳೆತ ವಿಪರೀತವಾದರೆ ಅದೂ ಬೇಡ.

ಜೆಟ್ಟಿಯ ದೀಪದ ಬೆಳಕು ನೀರಿಗೆ ಬೀಳುವ ಕಡೆ ಸಣ್ಣ ಮೀನು, ಶೆಟ್ಲಿ (ಸಿಗಡಿ) ಸೇರುತ್ತವೆ. ಬೊಂಡಾಸ್ ಬೆಳಕಿನ ನಡುವೆ ನಿಲ್ಲುವುದಕ್ಕಿಂತ ಬೆಳಕು ಮುಗಿದು ಕತ್ತಲು ಶುರುವಾಗುವ ಅಂಚಿನಲ್ಲಿ ಹೊಂಚು ಹಾಕುತ್ತದೆ. ಜಿಗ್ಗನ್ನು ಕತ್ತಲಿಗೆ ಎಸೆದು ಆ ಅಂಚಿಗೆ ತನ್ನಿ. ಇನ್ನೊಂದು ಮಾತು: ಎಲ್ಇಡಿ ಬೆಳಕು ಹಾಕಿ ಮೀನುಗಾರಿಕೆ ಮಾಡುವುದನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ದೋಣಿಯಲ್ಲಿ ಹೋಗುವವರು ಜನರೇಟರ್, ದೊಡ್ಡ ದೀಪಗಳ ಆಸೆ ತೋರಿಸುವ ದೋಣಿಯವರ ಜೊತೆ ಹೋಗಬೇಡಿ. ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಒಂದು ಸಾಕು, ಅದನ್ನೂ ನೀರಿನ ಮೇಲೆ ಸುಮ್ಮನೆ ಆಡಿಸಬಾರದು.

ಸಾಮಾನು

ಇದರ ಬಗ್ಗೆ ಜನ ಬೇಕಾದ್ದಕ್ಕಿಂತ ಹೆಚ್ಚು ಚರ್ಚೆ ಮಾಡುತ್ತಾರೆ. ಎಂಟರಿಂದ ಎಂಟೂವರೆ ಅಡಿಯ, ತುದಿ ಮೆತ್ತಗಿರುವ ಹಗುರ ರಾಡ್. 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲು. 0.6 ಅಥವಾ 0.8 ನಂಬರಿನ ಬ್ರೇಡ್, ಅಂದರೆ ಹೆಣೆದ ದಾರ. ಅದರ ಮುಂದೆ ಒಂದೂವರೆ ಮೀಟರ್ ಫ್ಲೋರೋಕಾರ್ಬನ್ ಲೀಡರ್, ಹತ್ತು ಪೌಂಡಿನ ಆಸುಪಾಸು ಭಾರ ತಡೆಯುವಂಥದ್ದು. ಎಲ್ಲಕ್ಕೂ ತಂಗೂಸಿಯನ್ನೇ (ಒಂಟಿ ಎಳೆಯ ನೈಲಾನ್ ದಾರ) ಬಳಸಿ ರೂಢಿಯಿದ್ದವರು ಇಲ್ಲಿ ಮಾತ್ರ ಬ್ರೇಡ್‌ಗೆ ಬನ್ನಿ. ತಂಗೂಸಿ ಹಿಗ್ಗುತ್ತದೆ, ಬೊಂಡಾಸ್ ಮುಟ್ಟಿದ ಸುದ್ದಿ ಕೈಗೆ ಮುಟ್ಟುವುದರೊಳಗೆ ಅದು ಬಿಟ್ಟು ಹೋಗಿರುತ್ತದೆ.

ಜಿಗ್ ಎಂದರೆ ಇಲ್ಲಿ ಎಗಿ. ಜಪಾನಿನ ಮೀನುಗಾರರು ಮರದಲ್ಲಿ ಕೆತ್ತಿ ಬಳಸುತ್ತಿದ್ದ ಸಿಗಡಿಯಾಕಾರದ ಸಾಧನ, ಈಗ ಪ್ಲಾಸ್ಟಿಕ್ ಮೈಗೆ ಬಟ್ಟೆ ಸುತ್ತಿ ಬರುತ್ತದೆ. ಮೂತಿಯ ಕೆಳಗೆ ಸೀಸ, ಬಾಲಕ್ಕೆ ಸೂಜಿಗಳು. ನಮ್ಮ ಬಂಡೆಗಳಿಗೆ 2.5 ಮತ್ತು 3.0 ನಂಬರಿನವು ಸಾಕು. 3.0 ಎಂದರೆ ಸುಮಾರು ಒಂಬತ್ತು ಸೆಂಟಿಮೀಟರ್ ಉದ್ದ, ಹದಿನೈದು ಗ್ರಾಂ ತೂಕ. ಯಾಮಾಶಿತಾ, ಯೋ-ಝುರಿ ಕಂಪನಿಗಳವು ಸೂಜಿಯ ಗುಣಕ್ಕೆ ಹೆಸರಾದವು. ಅಗ್ಗದ ಜಿಗ್ಗುಗಳಲ್ಲಿ ಮೊದಲು ಕೈಕೊಡುವುದು ಸೂಜಿಯೇ. ಪೆಟ್ಟಿಗೆ ತೆರೆದ ಕೂಡಲೇ ಸೂಜಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡು, ಗೀರಿ ನಿಂತರೆ ಚೂಪು. ಬಂಡೆಗೆ ತಾಗಿ ಬಂದ ಪ್ರತಿ ಸಲವೂ ಹೀಗೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಬಣ್ಣದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಹುತೇಕ ಬೊಂಡಾಸ್ ಜಾತಿಗಳ ಕಣ್ಣಿನಲ್ಲಿ ಬೆಳಕು ಗ್ರಹಿಸುವ ವರ್ಣಕ ಒಂದೇ. ನಾವು ಕಾಣುವ ಕೆಂಪು ಹಸಿರು ಅವಕ್ಕೆ ಕಾಣುವುದಿಲ್ಲ. ಹಿನ್ನೆಲೆಗೆ ಎದ್ದು ಕಾಣುವ ಒಂದು ಗಾಢ ಬಣ್ಣದ್ದು, ಒಂದು ಹೊಳೆಯುವ ಮೈಯದ್ದು, ಒಂದು ಕತ್ತಲಲ್ಲಿ ಬೆಳಗುವಂಥದ್ದು, ಹೀಗೆ ಮೂರಿದ್ದರೆ ರಾತ್ರಿಯೆಲ್ಲ ಕಳೆಯಬಹುದು.

ಉಳಿದ ದುಡ್ಡನ್ನು ಕೈಬಲೆಗೆ ಹಾಕಿ. ಉದ್ದ ಮಾಡಬಹುದಾದ ಹಿಡಿಕೆ ಇರಲಿ, ಬಂಡೆ ಎತ್ತರವಿದ್ದರೆ ನಾಲ್ಕೈದು ಮೀಟರ್ ಬೇಕಾಗುತ್ತದೆ. ಬಲೆ ರಬ್ಬರಿನದಾದರೆ ಸೂಜಿಗಳು ಸಿಕ್ಕಿಕೊಳ್ಳುವುದಿಲ್ಲ. ನೈಲಾನ್ ಬಲೆಗೆ ಎರಡು ಸುತ್ತು ಸೂಜಿ ಸಿಕ್ಕಿತೆಂದರೆ ಕತ್ತಲಲ್ಲಿ ಬಿಡಿಸುವುದೇ ಒಂದು ಕೆಲಸ.

ಡ್ರ್ಯಾಗ್ ಮೊದಲು ಸರಿಮಾಡಿ

ಡ್ರ್ಯಾಗ್ ಎಂದರೆ ಎಷ್ಟು ಜಗ್ಗಿದರೆ ರೀಲು ದಾರ ಬಿಡಬೇಕು ಎಂದು ನಾಬ್ ತಿರುಗಿಸಿ ಇಡುವ ಬಿಗಿ. ಇದನ್ನು ಮನೆಯಲ್ಲೇ ಮಾಡಿ ಹೊರಡಬೇಕು. ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಪೂರ್ತಿ ತುಂಬಿ ದಾರದ ತುದಿಗೆ ಕಟ್ಟಿ. ರಾಡಿನಿಂದ ನಿಧಾನಕ್ಕೆ ಎತ್ತಿದರೆ ಬಾಟಲಿ ಮೇಲೆ ಬರಬೇಕು. ಸ್ವಲ್ಪ ಜೋರಾಗಿ ಜಗ್ಗಿದರೆ ರೀಲು ಕಿರ್ ಎಂದು ದಾರ ಬಿಡಬೇಕು. ಅಷ್ಟೇ ಡ್ರ್ಯಾಗ್ ಬೇಕಾದ್ದು. ಚಣಕಿಗೋ ಇಸ್ವಾಣಿಗೋ ಬಿಗಿಮಾಡಿಟ್ಟ ರೀಲನ್ನು ಹಾಗೆಯೇ ತಂದು ಬೊಂಡಾಸ್‌ಗೆ ಹಾಕಿದರೆ ಮೊದಲ ಜಗ್ಗಿಗೇ ಅದರ ಕೈ ಹರಿದು ಬರುತ್ತದೆ.

ಜಿಗ್ ಕುಣಿಸುವಾಗಲೂ ರೀಲು ಚೂರು ಚೂರು ದಾರ ಬಿಡುವ ಸದ್ದು ಕೇಳುತ್ತದೆ. ಅದು ತಪ್ಪಲ್ಲ, ಡ್ರ್ಯಾಗ್ ಸರಿಯಿದೆ ಎಂಬುದರ ಗುರುತು. ಆ ಸದ್ದು ಕೇಳಿ ಗಾಬರಿಯಾಗಿ ನಾಬ್ ತಿರುಗಿಸಿ ಬಿಗಿ ಮಾಡುವವರು ಬಹಳ.

ಎಸೆತ, ಇಳಿತ, ಎರಡು ಜಗ್ಗು

ಎಸೆದ ಕೂಡಲೇ ರೀಲಿನ ಬೇಲ್ (ದಾರ ಹಿಡಿಯುವ ತಂತಿಯ ಕೊಂಡಿ) ಮುಚ್ಚಿ ದಾರದ ಸಡಿಲು ತೆಗೆಯಿರಿ. 3.0ರ ಸಾಮಾನ್ಯ ಎಗಿ ಒಂದು ಮೀಟರ್ ಇಳಿಯಲು ಮೂರು ಸೆಕೆಂಡಿನಷ್ಟು ತೆಗೆದುಕೊಳ್ಳುತ್ತದೆ. ಐದು ಮೀಟರ್ ಆಳಕ್ಕೆ ಹದಿನೈದು ಎಣಿಸಬೇಕು. ಮೊದಲ ಎಸೆತದಲ್ಲಿ ತಳ ಮುಟ್ಟಲು ಬಿಡಿ. ಬಿಗಿಯಾಗಿ ಜಾರುತ್ತಿದ್ದ ದಾರ ಥಟ್ಟನೆ ಮೆತ್ತಗಾದರೆ ಜಿಗ್ ತಳಕ್ಕೆ ಕೂತಿದೆ ಎಂದರ್ಥ. ಆ ಎಣಿಕೆ ನೆನಪಿಟ್ಟುಕೊಂಡು ಮುಂದಿನ ಎಸೆತಗಳಲ್ಲಿ ಎರಡು ಮೂರು ಎಣಿಕೆ ಮೊದಲೇ ನಿಲ್ಲಿಸಿದರೆ ಜಿಗ್ ಬಂಡೆಗೆ ಸಿಗುವುದು ತಪ್ಪುತ್ತದೆ.

ಆಮೇಲೆ ರಾಡಿನ ತುದಿಯಿಂದ ಎರಡು ಚುರುಕಾದ ಜಗ್ಗು. ಜಿಗ್ ಹಾರಿದ ಶೆಟ್ಲಿಯ ಹಾಗೆ ಮೇಲೆದ್ದು ಪಕ್ಕಕ್ಕೆ ಹೊರಳುತ್ತದೆ. ಇದು ಕರೆಯಲು. ಹಿಡಿಯುವುದು ಇದಾದ ಮೇಲೆ, ಜಿಗ್ ಮೂತಿ ಕೆಳಗೆ ಮಾಡಿ ಇಳಿಯುವಾಗ. ಹಾಗಾಗಿ ಜಗ್ಗಿದ ಕೂಡಲೇ ರಾಡ್ ತುದಿಯನ್ನು ನೀರಿನ ಕಡೆ ತಗ್ಗಿಸಿ, ಸಡಿಲಾದ ದಾರ ಸುತ್ತಿಕೊಂಡು, ದಾರ ಬಿಗಿಯೂ ಅಲ್ಲದೆ ಜೋಲೂ ಅಲ್ಲದೆ ನೆಟ್ಟಗೆ ಇರುವಂತೆ ಹಿಡಿದು ಐದರಿಂದ ಎಂಟು ಸೆಕೆಂಡು ಸುಮ್ಮನಿರಿ. ಈ ಸುಮ್ಮನಿರುವುದೇ ಹೊಸಬರಿಗೆ ಕಷ್ಟ. ಜಗ್ಗುತ್ತಲೇ ಇರುವವನಿಗೆ ಬೊಂಡಾಸ್ ಸಿಗುವುದಿಲ್ಲ. ಹಿಂದೆ ಹಿಂದೆ ಬಂದು ಬೇಸರವಾಗಿ ತಿರುಗುತ್ತದೆ.

ಹಿಡಿದದ್ದು ಗೊತ್ತಾಗುವುದು ಹೇಗೆ

ಮೀನಿನ ಹಾಗೆ ಟಕ್ ಟಕ್ ಎನ್ನುವುದಿಲ್ಲ. ಇಳಿಯುತ್ತಿದ್ದ ದಾರ ತಳ ಬರುವ ಮೊದಲೇ ನಿಂತರೆ ಅದೊಂದು ಗುರುತು. ದಾರ ಪಕ್ಕಕ್ಕೆ ಸರಿದರೆ ಇನ್ನೊಂದು. ಕೆಲವೊಮ್ಮೆ ರಾಡ್ ತುದಿ ನಿಧಾನಕ್ಕೆ ಕೆಳಕ್ಕೆ ಬಾಗುತ್ತದೆ, ಕೆಲವೊಮ್ಮೆ ಬಾಗಿದ್ದ ತುದಿ ನೆಟ್ಟಗಾಗುತ್ತದೆ. ನೆಟ್ಟಗಾಗುವುದೆಂದರೆ ಬೊಂಡಾಸ್ ಜಿಗ್ಗನ್ನು ಹಿಡಿದು ನಿಮ್ಮ ಕಡೆಗೋ ಮೇಲಕ್ಕೋ ಬರುತ್ತಿದೆ. ಬಹುಪಾಲು ಸಲ ಏನೂ ಗೊತ್ತಾಗದೆ, ಮುಂದಿನ ಜಗ್ಗಿಗೆಂದು ರಾಡ್ ಎತ್ತಿದಾಗ ಒದ್ದೆ ಚೀಲ ಸಿಕ್ಕಿದಂತೆ ಭಾರ ಕಾಣುತ್ತದೆ.

ಬ್ರೇಡ್ ಹಳದಿ ಅಥವಾ ಕಿತ್ತಳೆ ಬಣ್ಣದ್ದಿದ್ದರೆ ಟಾರ್ಚಿನ ಮಂದ ಬೆಳಕಲ್ಲಿ ಅದು ನೀರಿಗೆ ಇಳಿಯುವ ಬಿಂದುವನ್ನೇ ನೋಡುತ್ತಿರಿ. ಕೈಗಿಂತ ಮೊದಲು ಕಣ್ಣಿಗೇ ಸುದ್ದಿ ಬರುತ್ತದೆ.

ಈಗ ಅವಸರ ಬೇಡ. ಬೊಂಡಾಸ್‌ಗೆ ಎಂಟು ಗಿಡ್ಡ ಕೈ, ಎರಡು ಉದ್ದ ಕೈ. ಬೇಟೆಯ ಮೇಲೆ ಮೊದಲು ಚಿಮ್ಮುವುದು ಆ ಎರಡು ಉದ್ದ ಕೈಗಳು. ಅವುಗಳ ತುದಿಯಲ್ಲಿರುವ ಹೀರುಬಟ್ಟಲುಗಳು ಅಂಟಿಕೊಂಡ ಮೇಲೆ ಬೇಟೆಯನ್ನು ಹತ್ತಿರ ಎಳೆದು ಎಂಟು ಕೈಗಳಿಂದ ತಬ್ಬಿಕೊಳ್ಳುತ್ತದೆ. ಮೊದಲ ಸ್ಪರ್ಶಕ್ಕೇ ಜಗ್ಗಿದರೆ ಸೂಜಿ ಸಿಗುವುದು ಉದ್ದ ಕೈಯ ತುದಿಗೆ ಮಾತ್ರ. ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ಬೊಗ್ಮಾಲೋ ಬಂಡೆಯ ಮೇಲೆ ಹೀಗೆ ಜಗ್ಗಿ, ಜಿಗ್ಗನ್ನು ಟಾರ್ಚಿಗೆ ಹಿಡಿದು, "ಅಣ್ಣಾ, ಕಸಕ್ಕಂತ ಎಳದೆ, ಬರೇ ಕೈ ಅಷ್ಟ ಬಂತು ನೋಡ್ರಿ" ಅಂದ. ಸೂಜಿಯಲ್ಲಿ ಬೆರಳುದ್ದದ ಬಿಳಿ ತುಂಡು, ಅದರ ಹೀರುಬಟ್ಟಲುಗಳು ಇನ್ನೂ ಜಿಗ್ಗಿನ ಬಟ್ಟೆಗೆ ಅಂಟಿಕೊಂಡಿದ್ದವು. ಬಿಡಿಸಿದರೆ ಬಟ್ಟಲಿನ ಅಂಚಿನ ಹಲ್ಲಿನಂಥ ಉಂಗುರಗಳು ಬೆರಳಿಗೆ ಗರಗರ ತಾಗುತ್ತವೆ.

ಆದ್ದರಿಂದ ಗುರುತು ಕಂಡ ಕೂಡಲೇ ಮಾಡಬೇಕಾದ್ದು ಇಷ್ಟು: ರಾಡ್ ತಗ್ಗಿಸಿಯೇ ಇಟ್ಟು ಒಂದು ಉಸಿರು ಕಾಯಿರಿ. ಸಡಿಲು ದಾರ ಸುತ್ತಿಕೊಳ್ಳಿ. ತುದಿಗೆ ಭಾರ ತಾಗಿದ ಮೇಲೆ ರಾಡನ್ನು ಮೊಣಕೈಯಿಂದ ಮೇಲಕ್ಕೆ ಒಂದೇ ಉದ್ದ ಬೀಸಿನಲ್ಲಿ ಎತ್ತಿ. ಮಣಿಕಟ್ಟಿನ ಝಟಕಾ ಬೇಡ. ಬೀಸು ಗಟ್ಟಿಯಾಗಿರಬೇಕು, ಆದರೆ ಒರಟಾಗಿರಬಾರದು. ಸೂಜಿ ಚೂಪಾಗಿದ್ದರೆ ಅಷ್ಟರಲ್ಲೇ ಚುಚ್ಚಿಕೊಳ್ಳುತ್ತದೆ, ಹೆಚ್ಚಾಯಿತೆಂದರೆ ರೀಲು ದಾರ ಬಿಟ್ಟು ಕಾಪಾಡುತ್ತದೆ.

ಎತ್ತಿದಾಗ ಭಾರ ಸಿಗದಿದ್ದರೆ? ಜಿಗ್ಗನ್ನು ದಡಕ್ಕೆ ಸುತ್ತಿಕೊಳ್ಳಬೇಡಿ. ಬೊಂಡಾಸ್ ಅಲ್ಲೇ ಇದೆ, ತಪ್ಪಿದ ಬೇಟೆಯನ್ನು ನೋಡುತ್ತಿದೆ. ಒಂದು ಸಣ್ಣ ಜಗ್ಗು ಕೊಟ್ಟು ಮತ್ತೆ ಇಳಿಯಲು ಬಿಡಿ. ಎರಡನೇ ಸಲ ಗಟ್ಟಿಯಾಗಿ ಹಿಡಿಯುವುದೇ ಹೆಚ್ಚು. ಜಿಗ್ಗಿನ ಬಟ್ಟೆ ಹರಿದು ತುಂಡಾಗಿ ಬಂದರೆ ಮಾತ್ರ ಅದು ಬೊಂಡಾಸ್ ಅಲ್ಲ, ಪಫರ್ ಮೀನಿನ ಹಲ್ಲು. ಜಾಗ ಬದಲಿಸಿ, ಇಲ್ಲವಾದರೆ ಜಿಗ್ ಒಂದೊಂದೇ ಹಾಳಾಗುತ್ತದೆ.

ಎಳೆದು ತರುವುದು

ಚುಚ್ಚಿದ ಮೇಲೆ ರಾಡ್ ಅರ್ಧ ಬಾಗಿದ ಸ್ಥಿತಿಯಲ್ಲೇ ಕೊನೆಯವರೆಗೂ ಇರಬೇಕು. ದೊಡ್ಡ ಮೀನಿಗೆ ಮಾಡುವ ಹಾಗೆ ರಾಡ್ ಎತ್ತಿ, ತಗ್ಗಿಸುತ್ತ ಸುತ್ತಿ, ಮತ್ತೆ ಎತ್ತುವ ಪದ್ಧತಿ ಇಲ್ಲಿ ಕೂಡದು. ತಗ್ಗಿಸುವ ಪ್ರತಿ ಸಲವೂ ಒಂದು ಕ್ಷಣ ಬಿಗಿ ಸತ್ತುಹೋಗುತ್ತದೆ, ಹಿಮ್ಮುಳ್ಳಿಲ್ಲದ ಸೂಜಿಗೆ ಆ ಕ್ಷಣವೇ ಸಾಕು. ರಾಡನ್ನು ನಿಲ್ಲಿಸಿಟ್ಟು ರೀಲಿನಿಂದಲೇ ತನ್ನಿ. ಬಾವಿಯಿಂದ ತುಂಬಿದ ಕೊಡ ಸೇದುವಾಗ ನಾವು ಹಗ್ಗ ಜಗ್ಗುವುದಿಲ್ಲ, ಬಿಡುವುದೂ ಇಲ್ಲ. ಒಂದು ಕೈ ಬಿಡುವ ಮೊದಲು ಇನ್ನೊಂದು ಕೈ ಹಿಡಿದಿರುತ್ತದೆ. ಅದೇ ಲಯ ರೀಲಿನ ಹಿಡಿಕೆಗೆ ಬರಬೇಕು.

ನಡುನಡುವೆ ಬೊಂಡಾಸ್ ಚಿಮ್ಮುತ್ತದೆ. ಒಡಲೊಳಗೆ ನೀರು ತುಂಬಿಕೊಂಡು ತಲೆಯ ಕೆಳಗಿನ ಕೊಳವೆಯಿಂದ ರಭಸವಾಗಿ ಹೊರಹಾಕಿ ಹಿಂದಕ್ಕೆ ನುಗ್ಗುತ್ತದೆ. ಒಂದು ಚಿಮ್ಮು, ಮತ್ತೆ ನೀರು ತುಂಬಿಕೊಳ್ಳಲು ಒಂದು ಬಿಡುವು, ಮತ್ತೊಂದು ಚಿಮ್ಮು. ಈ ತಾಳವನ್ನು ಕೈ ಗುರುತಿಸಬೇಕು. ಚಿಮ್ಮುವಾಗ ಸುತ್ತುವುದನ್ನು ನಿಲ್ಲಿಸಿ, ಡ್ರ್ಯಾಗ್ ದಾರ ಕೊಡಲಿ. ಬಿಡುವಿನಲ್ಲಿ ಸುತ್ತಿ. ಚಿಮ್ಮುವಾಗಲೇ ಹಟದಿಂದ ಸುತ್ತಿದವರ ಕೈಗೆ ಬರುವುದು ಮೇಲೆ ಹೇಳಿದ ಬಿಳಿ ತುಂಡು. ದೊಡ್ಡದಾದಷ್ಟೂ ಮೊದಲ ಮೂರ್ನಾಲ್ಕು ಚಿಮ್ಮು ಜೋರು, ಆಮೇಲೆ ಸೋಲುತ್ತದೆ. ಅಷ್ಟರವರೆಗೆ ತಾಳ್ಮೆ ಬೇಕು.

ಗಾಳಿ ಇದ್ದರೆ ರಾಡ್ ತುದಿ ಕೆಳಗಿಟ್ಟು ಪಕ್ಕಕ್ಕೆ ಬಾಗಿಸಿ ಸುತ್ತಿ. ನೀರಿನ ಮೇಲಿನ ದಾರ ಗಿಡ್ಡವಾದಷ್ಟೂ ಗಾಳಿಯ ಹಿಡಿತ ಕಮ್ಮಿ. ಮುಂದೆ ಕಡಲಪಾಚಿಯ ಗುಪ್ಪೆ ಅಥವಾ ಮೇಲೆದ್ದ ಬಂಡೆ ಇದ್ದರೆ ಮಾತ್ರ ರಾಡ್ ಎತ್ತರಿಸಿ ಬೊಂಡಾಸನ್ನು ನೀರಿನ ಮೇಲ್ಪದರಕ್ಕೆ ಮೊದಲೇ ತಂದುಬಿಡಿ.

ದಡ ಐದಾರು ಮೀಟರ್ ದೂರ ಇರುವಾಗ ಟಾರ್ಚ್ ಹೊತ್ತಿಸಿ ನೋಡಿ. ನೋಡಬೇಕಾದ್ದು ಬೊಂಡಾಸ್ ಎಷ್ಟು ದೊಡ್ಡದು ಎಂದಲ್ಲ, ಸೂಜಿ ಎಲ್ಲಿ ಸಿಕ್ಕಿದೆ ಎಂದು. ಗಿಡ್ಡ ಕೈಗಳ ಬುಡದಲ್ಲಿ ನಾಲ್ಕೈದು ಸೂಜಿ ಇಳಿದಿದ್ದರೆ ನಿರಾಳ. ಒಂದೇ ಉದ್ದ ಕೈ ರಬ್ಬರಿನಂತೆ ಹಿಗ್ಗಿಕೊಂಡು ಜಿಗ್ಗಿಗೂ ದೇಹಕ್ಕೂ ನಡುವೆ ಅಂತರ ಕಂಡರೆ ಕೂಡಲೇ ಡ್ರ್ಯಾಗ್ ಅರ್ಧ ಸುತ್ತು ಸಡಿಲಿಸಿ, ರಾಡಿನ ಬಾಗು ಕಡಿಮೆ ಮಾಡಿ, ಪಕ್ಕದವರಿಗೆ ಬಲೆ ಹಿಡಿಯಲು ಹೇಳಿ. ಇಂಥದ್ದನ್ನು ಒಬ್ಬನೇ ರಾಡ್ ಮತ್ತು ಬಲೆ ಎರಡೂ ಹಿಡಿದು ದಡ ಸೇರಿಸುವುದು ಬಹಳ ಕಷ್ಟ. ಟಾರ್ಚಿನ ಬೆಳಕನ್ನು ನೇರ ಕಣ್ಣಿಗೆ ಬಿಡದೆ ಪಕ್ಕಕ್ಕೆ ಬಿಡಿ, ಬೆಳಕು ಕಂಡು ಇನ್ನೊಮ್ಮೆ ಚಿಮ್ಮುವುದು ಸಾಮಾನ್ಯ.

ಇದೇ ಹೊತ್ತಿಗೆ ಅದರ ಹಿಂದೆ ಇನ್ನೊಂದು ಬೊಂಡಾಸ್ ತೇಲಿ ಬರುವುದು ಉಂಟು. ಜೊತೆಗಾರನಿದ್ದರೆ ಅದರ ಪಕ್ಕಕ್ಕೆ ಇನ್ನೊಂದು ಜಿಗ್ ಇಳಿಬಿಡಲಿ. ಹತ್ತಿದ್ದನ್ನು ಎತ್ತುವ ಅವಸರದಲ್ಲಿ ಈ ಅವಕಾಶವನ್ನು ಎಷ್ಟೋ ಜನ ನೋಡುವುದೇ ಇಲ್ಲ.

ಬಲೆ ಹಾಕುವುದು ಬಾಲದ ಕಡೆಯಿಂದ

ಇಲ್ಲೇ ಹೆಚ್ಚಿನವು ಕಳೆದುಹೋಗುವುದು. ಮೀನಿಗೆ ಬಲೆಯನ್ನು ತಲೆಯ ಕಡೆಯಿಂದ ಒಡ್ಡುತ್ತೇವೆ, ಏಕೆಂದರೆ ಅದು ಮುಂದಕ್ಕೆ ನುಗ್ಗುತ್ತದೆ. ಬೊಂಡಾಸ್ ಹೆದರಿದಾಗ ನುಗ್ಗುವುದು ಹಿಂದಕ್ಕೆ. ನೀವು ಕೈಗಳ ಕಡೆಯಿಂದ ಬಲೆ ತಂದರೆ ಮೊದಲು ಬಲೆಗೆ ತಾಗುವುದು ಜಿಗ್ಗಿನ ಸೂಜಿ, ಅದು ಬಲೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಬೊಂಡಾಸ್ ಹಿಂದಕ್ಕೆ ಚಿಮ್ಮುತ್ತದೆ, ಕಳಚುತ್ತದೆ.

ಸರಿಯಾದ ಕ್ರಮ ಹೀಗೆ. ಬೊಂಡಾಸ್ ಇನ್ನೂ ದೂರವಿರುವಾಗಲೇ ಬಲೆಯನ್ನು ನೀರಿಗಿಳಿಸಿ ಅಲುಗಾಡದಂತೆ ಹಿಡಿಯಿರಿ. ಬೊಂಡಾಸ್ ಪಕ್ಕಕ್ಕೆ ಬರುವಾಗ ಮೊದಲು ಅದು ನೀರಿನಲ್ಲೇ ಮಸಿ ಉಗುಳಲಿ, ಒಂದೆರಡು ಸಲ ಉಗುಳಿದ ಮೇಲೆ ತನ್ನಿ. ಜಿಗ್ಗನ್ನು ಬಲೆಯ ಬಾಯಿ ದಾಟಿಸಿ, ರೆಕ್ಕೆಯಿರುವ ಬಾಲದ ತುದಿ ಬಲೆಯ ಬಾಯಿಗೆ ಎದುರಾಗುವಂತೆ ನಿಲ್ಲಿಸಿ. ಈಗ ರಾಡಿನ ಬಿಗಿ ಕೂದಲೆಳೆಯಷ್ಟು ಇಳಿಸಿ, ಬಲೆಯನ್ನು ಬಾಲದ ಹಿಂದಿನಿಂದ ತಲೆಯ ಕಡೆಗೆ ಮುಂದಕ್ಕೆ ತನ್ನಿ. ಬಲೆ ಮೈಗೆ ತಾಗಿದ ಕೂಡಲೇ ಅದು ಹಿಂದಕ್ಕೆ ಚಿಮ್ಮುತ್ತದೆ, ತಾನಾಗಿಯೇ ಬಲೆಯ ತಳಕ್ಕೆ ಹೋಗಿ ಬೀಳುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಕೈಗಳ ಕಡೆಯಿಂದ ಬಲೆ ಹಾಕುವುದಿಲ್ಲ.

ಬಲೆಗೆ ಬಿದ್ದದ್ದನ್ನು ರಾಡಿನಿಂದ ಎತ್ತಬೇಡಿ. ದಾರ ಸಡಿಲಿಸಿ, ಭಾರವನ್ನೆಲ್ಲ ಬಲೆಯ ಹಿಡಿಕೆಯ ಮೇಲೆ ಬಿಡಿ. ಉದ್ದ ಹಿಡಿಕೆಯನ್ನು ಅಡ್ಡ ಎತ್ತಿದರೆ ಮುರಿಯುತ್ತದೆ. ನೆಟ್ಟಗೆ ನಿಲ್ಲಿಸಿ, ಕೈ ಮೇಲೆ ಕೈ ಇಟ್ಟು ಹಿಡಿಕೆಯನ್ನೇ ಮೇಲಕ್ಕೆ ಎಳೆದುಕೊಳ್ಳಿ.

ಬಲೆ ಇಲ್ಲದೆ ತಗ್ಗು ಬಂಡೆಯ ಮೇಲೋ ಮರಳ ದಂಡೆಯಲ್ಲೋ ನಿಂತಿದ್ದರೆ ಅಲೆಯ ಸಹಾಯ ಬೇಕು. ಅಲೆ ಏರಿ ಬರುವಾಗ ಅದರ ಜೊತೆಗೇ ಬೊಂಡಾಸನ್ನು ಜಾರಿಸಿ ತನ್ನಿ. ಅಲೆ ಹಿಂದೆ ಸರಿಯುವಾಗ ಎಳೆಯಬೇಡಿ, ನೀರಿನ ಸೆಳೆತವೂ ಸೇರಿ ಕೈ ಹರಿಯುತ್ತದೆ. ಆಗ ದಾರ ಕೊಟ್ಟು, ಮುಂದಿನ ಅಲೆಗೆ ಕಾಯಿರಿ. ಅಂಗೈಯಷ್ಟು ಸಣ್ಣದನ್ನು ರಾಡಿನಿಂದಲೇ ತೂಗಿ ತರಬಹುದು, ಆದರೂ ನಿಧಾನವಾಗಿ, ಒಂದೇ ಚಲನೆಯಲ್ಲಿ.

ಬಂಡೆಯ ಅಂಚಿಗೆ ಇಳಿದು ಕೈಯಿಂದ ಹಿಡಿಯುವ ಸಾಹಸ ಮಾತ್ರ ಬೇಡವೇ ಬೇಡ. ಹಾವಸೆ ಕಟ್ಟಿದ ಬಂಡೆ ರಾತ್ರಿ ಇಬ್ಬನಿಗೆ ಇನ್ನೂ ಜಾರುತ್ತದೆ, ಕಡಲತೀರದ ಜೀವರಕ್ಷಕರ ಗೋಪುರಗಳು ಸಂಜೆಗೇ ಖಾಲಿಯಾಗಿರುತ್ತವೆ. ಹಿಡಿತವಿರುವ ಶೂ ಹಾಕಿ, ಒಬ್ಬರೇ ಹೋಗಬೇಡಿ, ಭರತಿ ಏರಿದರೆ ಹಿಂತಿರುಗುವ ದಾರಿ ಮುಳುಗುತ್ತದೆಯೇ ಎಂದು ಹಗಲಲ್ಲೇ ನೋಡಿಕೊಂಡಿರಿ. ಕಾಬೊ ದಿ ರಾಮಾದಂಥ ಕಡಿದಾದ ಕಡೆಗಳಲ್ಲಿ ಬೊಂಡಾಸ್ ಹೋದರೆ ಹೋಗಲಿ.

ದೋಣಿಯಿಂದಾದರೆ

ಬೇತುಲ್ ಅಥವಾ ಬೊಗ್ಮಾಲೋದಿಂದ ಸಣ್ಣ ದೋಣಿಯಲ್ಲಿ ಹೋದರೆ ಎಸೆಯುವ ಕೆಲಸವಿಲ್ಲ. ಜಿಗ್ ನೇರ ಕೆಳಗಿಳಿಯುತ್ತದೆ. ಒಂದೇ ದಾರಕ್ಕೆ ಮೀಟರಿಗೊಂದರಂತೆ ಮೂರ್ನಾಲ್ಕು ಸಣ್ಣ ಜಿಗ್ ಕಟ್ಟಿ ತಳದಲ್ಲಿ ಸೀಸ ಹಾಕುವುದೂ ಉಂಟು. ತಳ ಮುಟ್ಟಿಸಿ, ಒಂದು ಮೀಟರ್ ಎತ್ತಿ, ನಿಲ್ಲಿಸಿ. ಸಿಗದಿದ್ದರೆ ಎರಡೆರಡು ಮೀಟರ್ ಮೇಲಕ್ಕೆ ತರುತ್ತ ಹುಡುಕಿ. ರಾತ್ರಿ ಏರಿದಂತೆ ಬೊಂಡಾಸ್ ತಳ ಬಿಟ್ಟು ಮೇಲಕ್ಕೆ ಬರುತ್ತದೆ. ಒಂದು ಆಳದಲ್ಲಿ ಸಿಕ್ಕಿತೆಂದರೆ ಆ ಆಳವನ್ನು ದಾರಕ್ಕೆ ಗುರುತು ಮಾಡಿಕೊಳ್ಳಿ, ಗುಂಪು ಅಲ್ಲೇ ಇರುತ್ತದೆ.

ದೋಣಿಯಲ್ಲಿ ಬಿಗಿ ಕಾಯುವುದು ದಡಕ್ಕಿಂತ ಕಷ್ಟ. ಅಲೆ ದೋಣಿಯನ್ನು ಎತ್ತಿದಾಗ ದಾರ ಬಿಗಿಯುತ್ತದೆ, ಇಳಿಸಿದಾಗ ಸಡಿಲಾಗುತ್ತದೆ, ನೀವೇನೂ ಮಾಡದಿದ್ದರೂ. ಹಾಗಾಗಿ ದೋಣಿ ಏರುವಾಗ ರಾಡ್ ತುದಿ ತಗ್ಗಿಸಿ, ಇಳಿಯುವಾಗ ಎತ್ತಿ ಮತ್ತು ಬೇಗ ಸುತ್ತಿ. ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತರೆ ಮೈಯೇ ಇದನ್ನು ಮಾಡಲು ಶುರುಮಾಡುತ್ತದೆ. ಕೈದಾರದಲ್ಲಿ ಹಿಡಿಯುವ ಇಲ್ಲಿನ ಹಳಬರ ಕೈ ನೋಡಿ. ಹಿಡಿದ ಮೇಲೆ ದೋಣಿಯೊಳಗೆ ಬೀಳುವವರೆಗೂ ಆ ಎರಡು ಕೈ ನಿಲ್ಲುವುದಿಲ್ಲ. ಹಲವು ಜಿಗ್ ಕಟ್ಟಿದ್ದರೆ ಮೇಲಿನದ್ದನ್ನು ಬಿಡಿಸಲು ನಿಂತಾಗ ಕೆಳಗಿನದ್ದು ತಪ್ಪಿಸಿಕೊಳ್ಳುತ್ತದೆ, ಒಬ್ಬರು ಎಳೆದು ಇನ್ನೊಬ್ಬರು ಬಲೆ ಹಿಡಿಯುವುದು ಒಳ್ಳೆಯದು.

ಹಿಡಿದ ಮೇಲೆ

ಬಲೆಯಿಂದ ತೆಗೆಯುವಾಗ ತಲೆಯ ಹಿಂದೆ, ಒಡಲಿನ ಮೇಲ್ಭಾಗದಿಂದ ಹಿಡಿಯಿರಿ. ಕೊಳವೆಯಿರುವ ಕೆಳಭಾಗ ಜನರಿಲ್ಲದ ಕಡೆಗೆ ತಿರುಗಿರಲಿ, ಮಸಿ ಇನ್ನೂ ಉಳಿದಿರುತ್ತದೆ. ಕೈಗಳ ನಡುವೆ ಬೆರಳು ಹಾಕಬೇಡಿ. ಅಲ್ಲಿ ಗಿಣಿಯದರಂಥ ಗಟ್ಟಿ ಕೊಕ್ಕಿದೆ, ಚೆನ್ನಾಗಿ ಕಚ್ಚುತ್ತದೆ. ಜಿಗ್ಗನ್ನು ತಲೆಕೆಳಗು ಮಾಡಿ ಅಲುಗಿಸಿದರೆ ಹಿಮ್ಮುಳ್ಳಿಲ್ಲದ ಸೂಜಿಗಳು ತಾವಾಗಿಯೇ ಕಳಚುತ್ತವೆ.

ಒಡಲು ನಿಮ್ಮ ಅಂಗೈಗಿಂತ ಸಣ್ಣದಿದ್ದರೆ ನೀರಿಗೆ ಬಿಟ್ಟುಬಿಡಿ. ಈ ಪ್ರಾಣಿಯ ಆಯುಸ್ಸೇ ಸುಮಾರು ಒಂದು ವರ್ಷ, ಒಮ್ಮೆ ಮೊಟ್ಟೆಯಿಡಲು ಅದಕ್ಕೆ ಅವಕಾಶ ಸಿಗಬೇಕು. ಜಿಗ್ಗಿಗೆ ಬೆರಳಿನಂಥ ಬಿಳಿ ಕೋಶಗಳ ಗೊಂಚಲು ಸಿಕ್ಕಿ ಬಂದರೆ ಅದು ಮೊಟ್ಟೆ. ಮೆಲ್ಲಗೆ ಬಿಡಿಸಿ ಅಲ್ಲೇ ನೀರಿಗೆ ಹಾಕಿ, ಆ ಜಾಗ ಬಿಟ್ಟು ಸ್ವಲ್ಪ ಆಚೆ ಎಸೆಯಿರಿ.

ಇಟ್ಟುಕೊಳ್ಳುವುದನ್ನು ಬಕೆಟ್ಟಿನಲ್ಲಿ ಒದ್ದಾಡಲು ಬಿಡುವುದು ಸರಿಯಲ್ಲ. ಎರಡು ಕಣ್ಣುಗಳ ನಡುವೆ ಸ್ವಲ್ಪ ಹಿಂದಕ್ಕೆ ಚೂಪಾದ ಚಾಕುವಿನ ತುದಿಯಿಂದ ಚುಚ್ಚಿದರೆ ಮೈಮೇಲೆ ಓಡಾಡುತ್ತಿದ್ದ ಕಂದು ಚುಕ್ಕೆಗಳು ಥಟ್ಟನೆ ಕುಗ್ಗಿ, ಚುಚ್ಚಿದ ಕಡೆಯಿಂದ ಮೈ ಬಿಳಿಚುತ್ತ ಹೋಗುತ್ತದೆ. ಪ್ರಾಣ ಹೋಯಿತೆಂದು ಅದರಿಂದ ತಿಳಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಐಸಿನ ಮೇಲಿಡಿ. ಐಸ್ ಕರಗಿದ ಸಿಹಿನೀರು ನೇರ ತಾಗಿದರೆ ಮಾಂಸ ಬೆಳ್ಳಗೆ ಊದಿ ರುಚಿ ಕೆಡುತ್ತದೆ.

ಮನೆಯಲ್ಲಿ ತಲೆಯನ್ನು ಹಿಡಿದು ಎಳೆದರೆ ಕರುಳು, ಮಸಿಚೀಲ ಒಟ್ಟಿಗೆ ಬರುತ್ತವೆ. ಒಡಲೊಳಗಿನ ಗಾಜಿನಂಥ ಗರಿ ಎಳೆದು ತೆಗೆಯಿರಿ, ಕೊಕ್ಕು ಹಿಸುಕಿ ತೆಗೆಯಿರಿ. ಗೋವಾದವರ ಹಾಗೆ ರೆಶಾದ್ ಮಸಾಲೆ ತುಂಬುತ್ತೀರೋ, ನಮ್ಮ ಕಡೆಯ ಹಾಗೆ ಕಾಯಿ ಹಾಕಿ ಸುಕ್ಕಾ ಮಾಡುತ್ತೀರೋ, ಕಾದ ಬಾಣಲೆಯಲ್ಲಿ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ಅದು ಮೀರಿ ಗಟ್ಟಿಯಾದರೆ ಮತ್ತೆ ಮೆತ್ತಗಾಗಲು ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಬೇಕು.

ಜಿಗ್ಗುಗಳನ್ನು ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪು ಕೂತ ಸೂಜಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ, ತುಕ್ಕು ಹಿಡಿದ ಸೂಜಿ ಮುಂದಿನ ಸಲ ಚುಚ್ಚುವುದಿಲ್ಲ. ರೀಲಿನ ಡ್ರ್ಯಾಗ್ ನಾಬನ್ನೂ ಪೂರ್ತಿ ಸಡಿಲಿಸಿ ಇಡಿ, ಹೊರಡುವ ಮುನ್ನ ಮತ್ತೆ ಬಾಟಲಿ ಕಟ್ಟಿ ನೋಡಿಕೊಳ್ಳಿ.